ಹಿರಿಯಳ ಕುರ್ಚಿ

ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಾವೇ ಕಂಡುಹಿಡಿದ ಹಾಗೆ ಬೀಗುವುದು ಬೇಡ. ಡೆಟ್ರಾಯಿಟ್ ಪಕ್ಕದ ಊರೊಂದರಲ್ಲಿ ಒಬ್ಬ ಥಾಯ್ ಹೆಂಗಸಿದ್ದಾಳೆ. ಅವಳ ಮಗನನ್ನು ನನ್ನ ಮಗಳು ಪ್ರೀತಿಸುತ್ತಾಳೆ. ಹೊಟ್ಟೆಕಿಚ್ಚು ಅದಕ್ಕಲ್ಲ, ಹುಡುಗ ಒಳ್ಳೆಯವನೇ. ನನ್ನ ಮಗಳು ಆ ಹೆಂಗಸನ್ನು ‘ಮ್ಯಾ’ ಎಂದು ಕರೆಯುತ್ತಾಳೆ. ಅವರ ಭಾಷೆಯಲ್ಲಿ ಹಾಗೆಂದರೆ ಅಮ್ಮ.

ಅಮೆರಿಕದಲ್ಲಿ ನಾವಿರುವ ನೇಪರ್‌ವಿಲ್‌ನಲ್ಲಿ ನನ್ನ ಕಣ್ಣೆದುರೇ ಬೆಳೆದ ಹುಡುಗಿ ಅದು. ಹಬ್ಬದ ದಿನ ಅಜ್ಜಿಗೆ ನಮಸ್ಕಾರ ಮಾಡು ಅಂದರೆ, "ವೈ ಶುಡ್ ಐ ಟಚ್ ಎನಿಬಡೀಸ್ ಫೀಟ್?" ಎಂದು ದಡದಡನೆ ಮೆಟ್ಟಿಲು ಹತ್ತಿ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಶೂ ಹಾಕಿಕೊಂಡೇ ನನ್ನ ರಂಗೋಲಿ ತುಳಿದುಕೊಂಡು ಒಳಗೆ ಬರುತ್ತಿದ್ದಳು. ಡೆಟ್ರಾಯಿಟ್ ಕಡೆ ಕೆಲಸ ಸಿಕ್ಕಿತು, ಆ ಹುಡುಗ ಸಿಕ್ಕಿದ, ಅವನ ಮನೆಗೆ ಹೋಗಿಬರಲು ಶುರು ಮಾಡಿದಳು. ಅಲ್ಲಿಂದ ಪ್ರತಿ ಭಾನುವಾರ ಫೋನಿನಲ್ಲಿ ಬರೀ ಆ ಮನೆಯ ಪುರಾಣ. ಅಲ್ಲಿ ದೊಡ್ಡವರು ಕೂತಿದ್ದರೆ ಚಿಕ್ಕವರು ಅವರ ಮುಂದೆ ಸೆಟೆದುಕೊಂಡು ನಡೆಯುವುದಿಲ್ಲವಂತೆ, ಸ್ವಲ್ಪ ಬಗ್ಗಿ ಹಾದುಹೋಗುತ್ತಾರಂತೆ. ಕೈ ಮುಗಿಯುವಾಗ ಎದುರಿನವರು ಎಷ್ಟು ದೊಡ್ಡವರೋ ಕೈ ಅಷ್ಟು ಮೇಲೆ ಹೋಗಬೇಕಂತೆ.

"ಇಟ್ಸ್ ಸೋ ಬ್ಯೂಟಿಫುಲ್, ಅಮ್ಮಾ," ಅಂದಳು.

ಬ್ಯೂಟಿಫುಲ್ಲಂತೆ. ಇಪ್ಪತ್ತು ವರ್ಷ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ನಾನು ಹೇಳಿದರೆ ಗೊಡ್ಡು ಸಂಪ್ರದಾಯ, ಆ ಹೆಂಗಸು ಹೇಳಿದರೆ ಸಂಸ್ಕೃತಿ. ಸಿಟ್ಟಿನಲ್ಲಿ ಒಗ್ಗರಣೆ ಸೀದುಹೋಯಿತು, ಫೋನ್ ಇಟ್ಟ ಮೇಲೆ ಗಂಡನ ಮೇಲೆ ರೇಗಿದೆ. ಅವರು ಟಿವಿ ಸೌಂಡ್ ಜಾಸ್ತಿ ಮಾಡಿಕೊಂಡರು.

ಏಪ್ರಿಲ್ ಹತ್ತಿರ ಬಂದಾಗ ಮಗಳೇ ನಮ್ಮನ್ನು ಕರೆದಳು. ಥಾಯ್ ಜನಕ್ಕೆ ಆಗ ಹೊಸ ವರ್ಷ. ಆ ದಿನ ಚಿಕ್ಕವರು ಹಿರಿಯರ ಅಂಗೈಗೆ ಪರಿಮಳದ ನೀರು ಸುರಿದು ಆಶೀರ್ವಾದ ತೆಗೆದುಕೊಳ್ಳುತ್ತಾರಂತೆ, ನೀವೂ ಬನ್ನಿ ಅಂದಳು. ಆಮೇಲೆ ದನಿ ಇಳಿಸಿ, ಅಪರೂಪಕ್ಕೆ ಕನ್ನಡದಲ್ಲೇ, "ಅಮ್ಮಾ, ನಾವು ಮದುವೆ ಆಗ್ಬೇಕು ಅಂತಿದೀವಿ. ನೀನು ಯೆಸ್ ಅನ್ನಬೇಕು. ನಿಮ್ಮಮ್ಮ ಮನಸಾರೆ ಯೆಸ್ ಅನ್ನೋವರೆಗೂ ಮದುವೆ ಮಾತೇ ಇಲ್ಲ ಅಂತ ಮ್ಯಾ ಹೇಳಿದಾರೆ," ಅಂದಳು.

ನೋಡಿ, ಒಪ್ಪಿಗೆ ಕೊಡುವ ಹಕ್ಕು ಕೂಡ ನನಗೆ ಆ ಹೆಂಗಸಿನ ಕೈಯಿಂದಲೇ ಬರಬೇಕು. "ಬಂದು ನೋಡ್ತೀನಿ," ಎಂದಷ್ಟೇ ಹೇಳಿದೆ. ಅಷ್ಟು ಸುಲಭಕ್ಕೆ ಹೂಂ ಅನ್ನಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಈ ಹುಡುಗಿಗೆ ಅಮ್ಮ ಯಾರು ಎನ್ನುವುದು ಮೊದಲು ತೀರ್ಮಾನವಾಗಲಿ. ಕೋಡುಬಳೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೆ, ಗಂಡ ಡ್ರೈವ್ ಮಾಡಿದರು. ಮಿಶಿಗನ್ ದಾಟುವಷ್ಟೂ ಹೊತ್ತು ರಸ್ತೆ ಬದಿಯಲ್ಲಿ ಕೊಳಕು ಹಿಮ ಇನ್ನೂ ಕರಗದೆ ಬಿದ್ದಿತ್ತು.

ಬಾಗಿಲು ತೆಗೆದವಳು ಆ ಹೆಂಗಸೇ. ತೆಳ್ಳಗೆ, ಬೆಳ್ಳಗೆ, ರೇಷ್ಮೆ ರವಿಕೆಯಂಥದ್ದೊಂದು, ಕೊರಳಲ್ಲಿ ಒಂದೇ ಎಳೆ ಮುತ್ತು. ಬ್ಯಾಂಕಾಕಿನ ದೊಡ್ಡ ಮನೆತನದವಳು ಎಂದು ಮಗಳು ಹೇಳಿದ್ದಳು, ಹೇಳದಿದ್ದರೂ ಗೊತ್ತಾಗುತ್ತಿತ್ತು. ಐದು ಗಂಟೆ ಕಾರಿನಲ್ಲಿ ಕೂತ ನನ್ನ ಸೀರೆಯ ನೆರಿಗೆ ಹಪ್ಪಳವಾಗಿತ್ತು. ನಾನಿನ್ನೂ ಹೊಸ್ತಿಲು ದಾಟಿರಲಿಲ್ಲ, ಅವಳು ನಗುನಗುತ್ತಾ ಇಂಗ್ಲಿಷಿನಲ್ಲಿ ಕೇಳಿದಳು, "ನಿಮಗೆ ಎಷ್ಟು ವಯಸ್ಸು?"

ಮೈ ಉರಿಯಿತು. ಈ ದೇಶದಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಅವಳ ನುಣುಪು ಕೆನ್ನೆ ನೋಡುತ್ತಾ, ಐದು ವರ್ಷ ಕಡಿಮೆ ಮಾಡಿ ಹೇಳಿದೆ. ಅಷ್ಟರಲ್ಲಿ ಹೊರಗೆ ಓಡಿಬಂದಿದ್ದ ಮಗಳು ನಮ್ಮ ಕಾರಿನಿಂದ ಚೀಲ ಇಳಿಸುತ್ತಿದ್ದಳು, ಕೇಳಿಸಲಿಲ್ಲ. ಗಂಡ ಕೇಳಿಸಿಕೊಂಡರು, ಹುಬ್ಬು ಏರಿಸಿದರು. ಅವಳು ಚಪ್ಪಾಳೆ ತಟ್ಟಿ, "ಹಾಗಾದರೆ ನಾನು ನಿಮಗಿಂತ ಎರಡು ವರ್ಷ ದೊಡ್ಡವಳು. ನೀನು ನನಗೆ ನೋಂಗ್," ಅಂದಳು. ನೋಂಗ್ ಅಂದರೆ ತಮ್ಮ ಅಥವಾ ತಂಗಿ. ಯಾರು ಹಿರಿಯರು ಎಂದು ಗೊತ್ತಾಗದೆ ಅವರಲ್ಲಿ ಮಾತೇ ಮುಂದೆ ಹೋಗುವುದಿಲ್ಲ, ಅದಕ್ಕೇ ಮೊದಲು ವಯಸ್ಸು ಕೇಳುವುದು ಎಂದು ಮಗಳು ಆಮೇಲೆ ಹೇಳಿದಳು. ಆಮೇಲೆ ಹೇಳಿ ಏನು ಪ್ರಯೋಜನ.

ಅಲ್ಲಿಂದ ನಾನು ತಂಗಿಯಾದೆ. ನೋಂಗ್ ಇಲ್ಲಿ ಕೂತುಕೋ, ನೋಂಗ್ ಇದನ್ನು ತಿನ್ನು, ನೋಂಗ್‌ಗೆ ಇನ್ನೊಂದು ಸ್ವೆಟರ್ ತಂದುಕೊಡಿ. ನನ್ನ ತಟ್ಟೆಗೆ ಏನು ಬೀಳಬೇಕೆಂದು ಅವಳೇ ನಿರ್ಧರಿಸಿದಳು. ಸಸ್ಯಾಹಾರ ಬೇರೆಯೇ ಮಾಡಿಸಿದ್ದಳು, ರುಚಿಯಾಗಿಯೂ ಇತ್ತು, ಅದು ಇನ್ನೂ ಸಿಟ್ಟು ತರಿಸಿತು. ಮಗಳು ಅವಳ ಮುಂದೆ ಬಗ್ಗಿ ಬಗ್ಗಿ ಓಡಾಡಿದಳು. ನನ್ನ ಮುಂದೆ ಬಂದಾಗ ಎಂದಿನಂತೆ ನೆಟ್ಟಗೇ ನಡೆದಳು.

ಆ ಮನೆಯಲ್ಲಿ ಒಂದಾದರೂ ಹುಳುಕು ಸಿಗಲಿ ಎಂದು ನನ್ನ ಕಣ್ಣು ಹುಡುಕುತ್ತಿತ್ತು. ಸಿಕ್ಕಿತು. ಅವರದೊಂದು ರೆಸ್ಟೋರೆಂಟ್ ಇದೆ, ಅಲ್ಲಿ ಅಡುಗೆ ಮಾಡುವ ಹೆಂಗಸು ಆ ದಿನ ಮನೆಗೆ ಬಂದಿದ್ದಳು. ಥಾಯ್ಲೆಂಡಿನ ಈಶಾನ್ಯದ ಹಳ್ಳಿಯವಳು, ಕಪ್ಪು ಬಣ್ಣ, ನಮ್ಮೆಲ್ಲರಿಗಿಂತ ವಯಸ್ಸಾದವಳು. ಎಲ್ಲರೂ ಅವಳನ್ನು ಪೀ ಅನ್ನುತ್ತಿದ್ದರು, ಅಂದರೆ ಅಕ್ಕ. ಮೇಜಿನ ಹತ್ತಿರ ನಾವು ಚಮಚ, ಫೋರ್ಕಿನಲ್ಲಿ ಊಟ ಮಾಡಿದರೆ ಅಕ್ಕ ಅಡುಗೆಮನೆಯ ಮೂಲೆಯಲ್ಲಿ ಕುಳ್ಳು ಸ್ಟೂಲಿನ ಮೇಲೆ ಕೂತು, ಅಂಟು ಅನ್ನವನ್ನು ಕೈಯಲ್ಲೇ ಉಂಡೆ ಕಟ್ಟಿ ತಿನ್ನುತ್ತಿದ್ದಳು. ಹಾಲ್‌ನಲ್ಲಿ ಹಿರಿಯರಿಗೆಂದು ಸಾಲಾಗಿ ಇಟ್ಟ ಕುರ್ಚಿಗಳಲ್ಲಿ ಅವಳದೊಂದು ಇರಲಿಲ್ಲ.

ಮಗಳನ್ನು ಪಕ್ಕಕ್ಕೆ ಎಳೆದು ಕೇಳಿದೆ, "ವಯಸ್ಸಿಗೆ ಮರ್ಯಾದೆ ಅಂತೀಯಲ್ಲ, ಆಕೆಗೆಲ್ಲಿ ಕುರ್ಚಿ?"

"ಅಮ್ಮಾ, ಅವರಿಗೆ ಕಿಚನ್‌ನಲ್ಲಿ ಕೂರೋದೇ ಇಷ್ಟ. ದೇರ್ ಆರ್ ನೋ ಸರ್ವೆಂಟ್ಸ್ ಹಿಯರ್, ಎವ್ರಿಬಡಿ ಈಸ್ ಫ್ಯಾಮಿಲಿ. ಯು ಆಲ್ವೇಸ್ ಫೈಂಡ್ ಸಂಥಿಂಗ್," ಅಂದಳು.

ಮೈಸೂರಿನಲ್ಲಿ ನಮ್ಮಮ್ಮನೂ ಇದೇ ಮಾತು ಹೇಳುತ್ತಿದ್ದರು. ಪಾತ್ರೆ ತೊಳೆಯಲು ಬರುತ್ತಿದ್ದವಳನ್ನು ನಾವೂ ಅಕ್ಕ ಎಂದೇ ಕರೆದವರು, ಅವಳ ಕಾಫಿ ಲೋಟ ಹಿತ್ತಲ ಗೋಡೆಯ ಮೇಲೆ ಬೋರಲಾಗಿ ಬಿದ್ದಿರುತ್ತಿತ್ತು. ಅವಳಿಗೆ ಹಿತ್ತಲಲ್ಲಿ ಕೂರುವುದೇ ಇಷ್ಟ ಎನ್ನುತ್ತಿದ್ದರು ಅಮ್ಮ. ಅಮೆರಿಕದಲ್ಲಿ ಬೆಳೆದ ಕಣ್ಣಿಗೆ ಅಕ್ಕ ಎನ್ನುವ ಮಾತು ಕಾಣುತ್ತದೆ, ಸ್ಟೂಲು ಕಾಣುವುದಿಲ್ಲ. ನನಗೆ ಎರಡೂ ಕಂಡಿತ್ತು, ಆದರೆ ನಿಜ ಹೇಳುತ್ತೇನೆ, ಆಕೆಗಾಗಿ ಮರುಗಿ ಕೇಳಿದ ಪ್ರಶ್ನೆಯಲ್ಲ ಅದು. ಆ ರೇಷ್ಮೆಯವಳನ್ನು ಮಗಳ ಕಣ್ಣಲ್ಲಿ ಒಂದು ಮೆಟ್ಟಿಲು ಇಳಿಸಬೇಕಿತ್ತು, ಆಗಲಿಲ್ಲ.

ಊಟವಾದ ಮೇಲೆ ಶಾಸ್ತ್ರ. ಬ್ಯಾಂಕಾಕಿನಲ್ಲಿ ಸುಡುಬಿಸಿಲಿಗೆ ಮಾಡುವ ಹಬ್ಬ, ಇಲ್ಲಿ ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ಅದಕ್ಕೇ ಹಾಲ್‌ನಲ್ಲೇ ಟವೆಲ್ ಹಾಸಿದ್ದರು. ಅವಳ ಗಂಡ ಮತ್ತು ನನ್ನ ಗಂಡ ಒಂದು ಕಡೆ, ಅವಳು ನಡುವಿನ ಕುರ್ಚಿಯಲ್ಲಿ, ನಾನು ಅವಳ ಪಕ್ಕ, ಹುಡುಗ ನಮ್ಮೆದುರು. ಬೆಳ್ಳಿ ಬಟ್ಟಲಿನಲ್ಲಿ ಮಲ್ಲಿಗೆ, ಗುಲಾಬಿ ಎಸಳು ತೇಲುವ ನೀರು. ಮಗಳು ಆ ಬಟ್ಟಲನ್ನು ತಂದು ನನ್ನ ಕೈಗಿಟ್ಟಳು.

"ನೀನು ತಂಗಿ ಅಲ್ವಾ ಅಮ್ಮಾ, ಮೊದಲು ನೀನು ಮ್ಯಾ ಕೈಗೆ ಹಾಕು. ಆಮೇಲೆ ನಾವು," ಅಂದಳು, ಮುಖ ಅರಳಿಸಿಕೊಂಡು.

ಆ ಹೆಂಗಸು ಅಂಗೈ ಜೋಡಿಸಿ ಚಾಚಿದಳು. ನಾನು ಅವಳ ಮುಂದೆ ಮಂಡಿಯೂರಬೇಕು, ನೀರು ಸುರಿಯಬೇಕು, ಅವಳು ಒದ್ದೆ ಕೈಯನ್ನು ನನ್ನ ತಲೆಯ ಮೇಲಿಡುತ್ತಾಳೆ, ನನ್ನ ಮಗಳು ನೋಡುತ್ತಾಳೆ. ಬಟ್ಟಲು ಹಿಡಿದು ಎದ್ದು ನಿಂತೆ. ಇಂಗ್ಲಿಷಿನಲ್ಲೇ ಅಂದೆ, "ನಾನು ತಂಗಿ ಅಲ್ಲ. ನಾನು ಹೇಳಿದ ವಯಸ್ಸು ಸುಳ್ಳು. ನಾನೇ ದೊಡ್ಡೋಳು."

ಗಂಡ ಕೆಮ್ಮಿದರು. "ಅಮ್ಮಾ, ಯು ಲೈಡ್?" ಅಂದಳು ಮಗಳು. ಆ ಹೆಂಗಸು ಮಾತ್ರ ಒಂದು ಕ್ಷಣವೂ ತಡ ಮಾಡಲಿಲ್ಲ. ಕುರ್ಚಿಯಿಂದೆದ್ದು, ಕೈಗಳನ್ನು ಹಣೆಯ ಹತ್ತಿರಕ್ಕೆ ಎತ್ತಿ ಮುಗಿದು, "ಕ್ಷಮಿಸಿ ಪೀ, ಬಂದಾಗಿನಿಂದ ನಿಮ್ಮನ್ನು ತಂಗಿಯ ಹಾಗೆ ನಡೆಸಿಕೊಂಡೆ," ಎಂದು ನನ್ನ ಭುಜ ಹಿಡಿದು ನಡುವಿನ ಕುರ್ಚಿಯಲ್ಲಿ ಕೂರಿಸಿದಳು. ಆ ರೇಷ್ಮೆ ಬಟ್ಟೆಯಲ್ಲೇ ನನ್ನ ಕಾಲ ಬಳಿ ನೆಲದ ಮೇಲೆ ಕೂತಳು. ಇಳಿದದ್ದರಿಂದ ಅವಳಿಗೆ ಏನೂ ಕಮ್ಮಿಯಾದಂತೆ ಕಾಣಲಿಲ್ಲ, ಅದಕ್ಕೂ ಹೊಟ್ಟೆ ಉರಿಯಿತು.

ಅವಳು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ನನ್ನ ಅಂಗೈಗೆ ನೀರು ಸುರಿದಳು. ಬೆಚ್ಚಗಿತ್ತು. ಆಮೇಲೆ ಮಗಳು ಬಂದು ಅವಳ ಪಕ್ಕಕ್ಕೇ ಮಂಡಿಯೂರಿದಳು, ಇಬ್ಬರ ಭುಜಕ್ಕೆ ಭುಜ ತಾಗಿತ್ತು. ಬಟ್ಟಲು ಬಾಗಿಸುವಾಗ ಆ ಹೆಂಗಸು ಮಗಳ ಮೊಣಕೈಗೆ ಆಸರೆ ಕೊಟ್ಟಳು. ನೀರು ಸುರಿದು ಮಗಳು ತಲೆ ಬಗ್ಗಿಸಿದಳು, ಹಣೆ ನನ್ನ ಮಂಡಿಗೆ ತಾಗುವಷ್ಟು. ಹುಟ್ಟಿದಾಗಿನಿಂದ ಒಂದು ಸಲವೂ ಹಾಗೆ ಬಗ್ಗಿದವಳಲ್ಲ. ನನ್ನ ಒದ್ದೆ ಕೈ ತಾನಾಗಿ ಅವಳ ಕೂದಲಿನ ಮೇಲೆ ಹೋಯಿತು, ನಮ್ಮಮ್ಮ ನನಗೆ ಹೇಳುತ್ತಿದ್ದ ಮಾತು ಬಾಯಿಂದ ಜಾರಿತು. "ದೀರ್ಘಸುಮಂಗಲೀ ಭವ."

ಏನು ಹಾಗೆಂದರೆ ಎಂದು ಆ ಹೆಂಗಸು ಕೇಳಿದಳು. ಮಗಳು ನನ್ನ ಮುಖ ನೋಡಿದಳು. ನನ್ನ ಗಂಡ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು, "ಗಂಡನ ಜೊತೆ ಬಹಳ ಕಾಲ ಬಾಳು ಅಂತ. ಅಂದರೆ ಒಪ್ಪಿಗೆ ಕೊಟ್ಟಳು." ಅಲ್ಲ ಎನ್ನಬಹುದಿತ್ತು. ಎನ್ನಲಿಲ್ಲ, ನನ್ನ ಕೈ ಇನ್ನೂ ಮಗಳ ತಲೆಯ ಮೇಲಿತ್ತು.

ಮಗಳು ಆ ಕೈಯಡಿಯಿಂದ ತಲೆ ಎತ್ತಿ, ಪಕ್ಕಕ್ಕೆ ತಿರುಗಿ, ಆ ಹೆಂಗಸನ್ನು ತಬ್ಬಿಕೊಂಡಳು. ಅವಳೇ ಹತ್ತಿರ ಇದ್ದದ್ದು, ಇಬ್ಬರೂ ನೆಲದ ಮೇಲೆ. ನಾನು ಮೇಲೆ ಕುರ್ಚಿಯಲ್ಲಿದ್ದೆ, ಅಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಡುಗೆಯ ಅಕ್ಕ ಬಗ್ಗಿಕೊಂಡು ಬಂದು ಟವೆಲ್ ಕೊಟ್ಟಳು, ನಾನು ಅವಳ ಮುಖವನ್ನೂ ನೋಡದೆ ಕೈ ಒರೆಸಿಕೊಂಡೆ. ಆಮೇಲೆ ಮಗಳು ಎದ್ದು ಬಂದು ನನ್ನನ್ನೂ ತಬ್ಬಿಕೊಂಡಳು, ಗಟ್ಟಿಯಾಗಿ, ತುಂಬ ಹೊತ್ತು. ಆದರೆ ಅವಳಾದ ಮೇಲೆ.