ಇಪ್ಪತ್ತು ಸಾಲಿನ ನೆಲ

ನನ್ನ ಸೋದರಮಾವನಿಗೆ ತನ್ನ ಮಂಡಿಗಳ ಮೇಲೆ ಎಂದೂ ಕರುಣೆ ಇರಲಿಲ್ಲ. ಮೂವತ್ತೊಂದು ವರ್ಷ ಅವುಗಳನ್ನು ಊರಿಕೊಂಡು ಕಂಡವರ ಮನೆಗಳಿಗೆ ಟೈಲ್ಸ್ ಹಾಕಿದ. ಬಚ್ಚಲುಮನೆ, ಅಡುಗೆಮನೆ, ಬ್ಯಾಂಕಿನ ಮೆಟ್ಟಿಲು, ಒಂದು ಸಲ ಈಜುಕೊಳದ ತಳ. ಐವತ್ತೆರಡನೆಯ ವಯಸ್ಸಿನಲ್ಲಿ ಮೂಳೆ ಡಾಕ್ಟರು ಅವನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇನ್ನೊಂದು ವರ್ಷ ಹೀಗೇ ಮಂಡಿಯೂರಿದ್ರೆ, ಆಮೇಲೆ ನಡೆಯೋದನ್ನ ಮರೆತುಬಿಡಿ" ಅಂದರು. "ನಂದು ನಡೆಯೋ ಕೆಲಸ ಅಲ್ಲ ಡಾಕ್ಟ್ರೇ, ಕೂರೋ ಕೆಲಸ" ಅಂದನಂತೆ ಮಾವ. ಅತ್ತೆ ಅಲ್ಲೇ ಅವನ ತೋಳು ಚಿವುಟಿದಳಂತೆ.

ದಾರಿ ತೋರಿಸಿದವನು ಟೈಲ್ಸ್ ಅಂಗಡಿಯ ಯಜಮಾನ. ಗಿರಾಕಿಗಳ ಕಣ್ಣೆದುರೇ ಕಂಪ್ಯೂಟರಿನಲ್ಲಿ ನೆಲದ ನಕ್ಷೆ ಹಾಕಿ ತೋರಿಸುವ ಒಬ್ಬರು ಅವನಿಗೆ ಬೇಕಾಗಿತ್ತು. "ಕಂಪ್ಯೂಟರ್ ಬಲ್ಲವರು ಬೇಕಾದಷ್ಟು ಸಿಗ್ತಾರೆ, ಅವರಿಗೆ ನೆಲ ಗೊತ್ತಿಲ್ಲ. ನೀನು ಕಲಿತು ಸರ್ಟಿಫಿಕೇಟ್ ತಗೊಂಡು ಬಾ. ಮೂರು ತಿಂಗಳು ಆ ಕುರ್ಚೀಲಿ ಯಾರನ್ನೂ ಕೂರಿಸಲ್ಲ" ಅಂದ. ಕುರ್ಚಿ ಸಿಕ್ಕರೆ ಮಂಡಿ ಉಳಿಯುತ್ತದೆ, ಇಲ್ಲದಿದ್ದರೆ ಮತ್ತೆ ನೆಲ. ಲೆಕ್ಕ ಇಷ್ಟೇ ಸರಳವಾಗಿತ್ತು.

ಕಲಿಸುವವಳು ನಾನು. ಸಾರ್ವಜನಿಕ ಗ್ರಂಥಾಲಯದ ಮಹಡಿಯಲ್ಲಿ ದೊಡ್ಡವರಿಗಾಗಿ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯ ತರಗತಿ ನಡೆಸುತ್ತೇನೆ. ಹನ್ನೆರಡು ಕಂಪ್ಯೂಟರ್, ಅದರಲ್ಲಿ ಒಂಬತ್ತು ಸರಿ ಇವೆ. ಮೊದಲ ದಿನ ಮಾವ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೆರಡು ಕಾಲಿಟ್ಟು ಮೇಲೆ ಬಂದು, ಬಾಗಿಲಲ್ಲಿ ನಿಂತು, "ಒಳಗೆ ಬರಬಹುದಾ ಮೇಡಂ?" ಅಂದ. ನನ್ನನ್ನು ಎತ್ತಿ ಆಡಿಸಿದವನು! ನಾನು ನಕ್ಕೆ. ಅವನು ನಗಲಿಲ್ಲ. ತರಗತಿಯಲ್ಲಿ ಮೇಡಂ, ಕೆಳಗಿಳಿದ ಮೇಲೆ ಪುಟ್ಟಿ, ಹೀಗಂತ ಅವನೇ ಒಂದು ಕಾಯಿದೆ ಮಾಡಿಕೊಂಡಿದ್ದ. ಕೊನೆಯವರೆಗೂ ಅದನ್ನು ಮೀರಲಿಲ್ಲ.

ಪರೀಕ್ಷೆಗೆ ಎಲ್ಲರಿಗೂ ಒಂದೇ ಕೆಲಸ: ಇಟ್ಟಿಗೆ ಬೀಳುವ ಆಟದ ಹಲಗೆ ಬರೆಯುವುದು. ಮೇಲಿನಿಂದ ಬಣ್ಣದ ತುಂಡುಗಳು ಬೀಳುತ್ತವಲ್ಲ, ಅವನ್ನು ಸಂದಿಲ್ಲದಂತೆ ಕೂರಿಸಬೇಕು, ಸಾಲು ತುಂಬಿದರೆ ಅದು ಮಾಯವಾಗುತ್ತದೆ, ಆ ಆಟ. "ಕಷ್ಟಪಟ್ಟು ತುಂಬಿಸಿದ ಸಾಲು ಮಾಯ ಆಗುತ್ತಾ? ಯಾವನು ಸಿಮೆಂಟ್ ಕಲಸಿದ್ದು?" ಅಂತ ಮಾವ ಕೇಳಿದಾಗ ಪಕ್ಕದಲ್ಲಿ ಕೂರುತ್ತಿದ್ದ ನಿವೃತ್ತ ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೂರ್ತಿ ಆಟ ಬೇಕಿರಲಿಲ್ಲ. ಹತ್ತು ಚೌಕ ಅಗಲ, ಇಪ್ಪತ್ತು ಸಾಲು ಎತ್ತರದ ಹಲಗೆ ಸ್ಕ್ರೀನಿನ ಮೇಲೆ ಮೂಡಬೇಕು, ಖಾಲಿ ಚೌಕ ಬೂದು ಬಣ್ಣದಲ್ಲಿರಬೇಕು, ಕೀಲಿ ಒತ್ತಿದರೆ ಒಂದು ತುಂಡು ಬಿದ್ದು ತನ್ನ ಜಾಗದಲ್ಲಿ ಕೂತು ಕೆಂಪಾಗಬೇಕು. ಅಷ್ಟೇ.

ಉಳಿದವರು ತಲೆ ಕೆರೆದುಕೊಂಡ ಕಡೆಯೆಲ್ಲ ಮಾವ ಸಲೀಸಾಗಿ ದಾಟಿದ. ಸಾಲುಗಳನ್ನು ಸೊನ್ನೆಯಿಂದ ಎಣಿಸಬೇಕು ಅಂದಾಗ ನರ್ಸಮ್ಮನಿಗೆ ನನ್ನ ಮೇಲೇ ಅನುಮಾನ ಬಂತು. ಮಾವ ಮಾತ್ರ, "ಗೋಡೆ ಪಕ್ಕದ ಕತ್ತರಿಸಿದ ಸಾಲನ್ನ ನಾವೂ ಎಣಿಸಲ್ಲ, ಅದು ಸೊನ್ನೇನೇ" ಅಂದ. ಸ್ಕ್ರೀನಿನಲ್ಲಿ ಮೇಲಿನಿಂದ ಕೆಳಕ್ಕೆ ಅಳೆಯಬೇಕು ಅಂದರೆ, ದೂರದ ಗೋಡೆಯಿಂದ ಬಾಗಿಲ ಕಡೆಗೆ ಬಂದ ಹಾಗೆ ಅಂದುಕೊಂಡ. ಚೌಕ ಚೌಕದ ನಡುವೆ ಸಣ್ಣ ಸಂದು ಬಿಡಲು ನಾನು ಹೇಳಿಯೇ ಇರಲಿಲ್ಲ, ಅವನೇ ಬಿಟ್ಟಿದ್ದ. ಅವನ ಹಲಗೆಯಷ್ಟು ಅಚ್ಚುಕಟ್ಟಾದದ್ದು ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಎಡವಿದ್ದು ಕೀಲಿ ಒತ್ತಿದಾಗ. ನಾಲ್ಕನೇ ಚೌಕಕ್ಕೆ ಅಂತ ಒಂದೇ ಒಂದು ತುಂಡು ಬೀಳಿಸಿದ. ತಳದ ಸಾಲಿನಲ್ಲಿ ಒಂದು ಚೌಕ ಕೆಂಪಾಗಬೇಕಿತ್ತು. ಅದರ ಬದಲು ಮೇಲಿನಿಂದ ತಳದವರೆಗೆ, ಇಪ್ಪತ್ತೂ ಸಾಲಿನ ನಾಲ್ಕನೇ ಚೌಕ ಒಟ್ಟಿಗೇ ಕೆಂಪಾಯಿತು. ಬೇರೆ ಚೌಕಕ್ಕೆ ಅಂತ ಮತ್ತೆ ಒತ್ತಿದ. ಇನ್ನೊಂದು ಕೆಂಪು ಪಟ್ಟೆ.

ಟೈಲ್ಸ್ ಕೆಲಸದಲ್ಲಿ ಮೊದಲ ಸಾಲೇ ಎಲ್ಲ. ಅದಕ್ಕೆ ದಾರ ಕಟ್ಟಿ, ರಸಮಟ್ಟ ಇಟ್ಟು, ಅರ್ಧ ದಿನ ಬೇಕಾದರೂ ತಗೊಳ್ಳುತ್ತಾರೆ. ಆಮೇಲೆ "ಉಳಿದದ್ದು ಇದರಂತೆ" ಅಂದರೆ ಮುಗಿಯಿತು. ಮಾವ ಪೈಥಾನಿಗೂ ಅದನ್ನೇ ಹೇಳಿದ್ದ. ಹತ್ತು ಸೊನ್ನೆಗಳ ಒಂದು ಸಾಲನ್ನು ಚೊಕ್ಕವಾಗಿ ಬರೆದು, ಅದರ ಮುಂದೆ ಗುಣಿಸು ಇಪ್ಪತ್ತು ಅಂತ ಹಾಕಿದ್ದ. ತಪ್ಪು ಅಲ್ಲೇ ಇತ್ತು, ನನಗೆ ಕಾಣುತ್ತಿತ್ತು. ಆದರೆ ಪರೀಕ್ಷೆಯ ಕೆಲಸದಲ್ಲಿ ಕಲಿಸುವವರು ಬೆರಳು ತೋರಿಸುವಂತಿಲ್ಲ. ಸ್ವಂತ ಮಾವ ಅಂದ ಮೇಲಂತೂ ನಾನು ಇನ್ನಷ್ಟು ಬಿಗಿಯಾಗಿದ್ದೆ.

ಮೂರು ದಿನ ಅವನು ಆ ಪಟ್ಟೆಗಳನ್ನೇ ನೋಡುತ್ತ ಕೂತ. ಬಣ್ಣ ಬದಲಿಸಿದ, ಸಂದು ಬದಲಿಸಿದ, ಚೌಕದ ಅಳತೆ ಬದಲಿಸಿದ, ಆ ಒಂದು ಸಾಲನ್ನು ಮಾತ್ರ ಮುಟ್ಟಲಿಲ್ಲ. ಅದು ಸರಿಯಾಗಿದೆ ಅನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಪರೀಕ್ಷೆಗೆ ಐದು ದಿನ ಉಳಿದಿತ್ತು. ನಾಲ್ಕನೇ ದಿನ ಅವನು ಮತ್ತೆ ಬೂದು ಬಣ್ಣವನ್ನು ತಿದ್ದಲು ಹೊರಟಾಗ ಬಾಯಿ ಜಾರಿತು.

"ಬಿಟ್ಟುಬಿಡು ಮಾವ. ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲ."

ಇಡೀ ತರಗತಿಯ ಮುಂದೆ. ನರ್ಸಮ್ಮ ತಲೆ ತಗ್ಗಿಸಿದರು. ಮಾವ ಕಂಪ್ಯೂಟರನ್ನು ಕ್ರಮಪ್ರಕಾರ ಆರಿಸಿ, ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ, "ಆಯ್ತು ಮೇಡಂ" ಅಂದು ಹೋದ. ಮೆಟ್ಟಿಲಿಳಿಯುವ ಸದ್ದು ಬಹಳ ಹೊತ್ತು ಕೇಳಿಸುತ್ತಲೇ ಇತ್ತು.

ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ. ಫೋನ್ ಮಾಡಿದರೆ ಅತ್ತೆ, "ಹೊರಗೆ ಹೋಗಿದಾರೆ ಕಣೇ, ಏನೂ ಹೇಳ್ತಿಲ್ಲ. ನಿಮ್ಮಿಬ್ಬರ ನಡುವೆ ಏನಾದ್ರೂ ಆಯ್ತಾ?" ಅಂದಳು. ಏನೂ ಇಲ್ಲ ಅತ್ತೆ ಅಂದೆ. ಇಷ್ಟು ವಯಸ್ಸಾದ ಮೇಲೂ ಸುಳ್ಳು ಹೇಳುವಾಗ ನನ್ನ ಕಿವಿ ಬಿಸಿಯಾಗುತ್ತದೆ.

ಮೂರನೇ ದಿನ ತರಗತಿ ಶುರುವಾಗುವ ಮೊದಲೇ ಮಾವ ಬಂದು ಕೂತಿದ್ದ. ಮುಖ ಬೇರೆಯೇ ಆಗಿತ್ತು.

"ಮೇಡಂ, ತಪ್ಪು ಸಿಕ್ತು. ಹೇಳಬಹುದಾ?"

"ಹೇಳಿ."

"ಟೈಲ್ಸ್ ಅಂಗಡಿ ಮೂಲೇಲಿ ಒಂದು ಮಾದರಿ ಇಟ್ಟಿದಾರೆ. ಎದುರುಬದುರು ಎರಡು ಆಳೆತ್ತರದ ಕನ್ನಡಿ, ನಡುವೆ ಒಂದೇ ಸಾಲು ಟೈಲ್ಸ್. ನೋಡೋರಿಗೆ ದೊಡ್ಡ ಹಾಲ್ ಥರ ಕಾಣುತ್ತೆ. ನಿನ್ನೆ ನಾನು ಅಲ್ಲಿ ಕೂತಿದ್ದೆ. ಅಂಗಡಿ ಹುಡುಗಿ ಬಂದು ಒಂದು ಟೈಲ್ ಮೇಲೆ 'ಸ್ಟಾಕ್ ಇಲ್ಲ' ಅಂತ ಕೆಂಪು ಚೀಟಿ ಅಂಟಿಸಿದ್ಲು. ಅಂಟಿಸಿದ್ದು ಒಂದು. ಕಂಡಿದ್ದು ಕಣ್ಣು ಹಾಯೋವರೆಗೂ, ಪ್ರತಿ ಸಾಲಲ್ಲೂ." ಅವನು ಸ್ಕ್ರೀನಿನ ಮೇಲೆ ಬೆರಳಿಟ್ಟ. "ನಾನು ಇಲ್ಲಿ ಹಾಕಿರೋದು ಒಂದೇ ಸಾಲು ಮೇಡಂ. ಉಳಿದ ಹತ್ತೊಂಬತ್ತೂ ಕನ್ನಡಿ."

ಆರು ವರ್ಷದಿಂದ ಈ ತಪ್ಪನ್ನು ನಾನೇ ಪಾಠ ಮಾಡುತ್ತ ಬಂದಿದ್ದೇನೆ, ಇಷ್ಟು ಚೆನ್ನಾಗಿ ಒಂದು ಸಲವೂ ಹೇಳಿಲ್ಲ. "ಹಾಗಾದ್ರೆ ಏನು ಮಾಡ್ತೀರಿ?" ಅಂದೆ.

"ಇಪ್ಪತ್ತು ಸಾಲನ್ನೂ ಹೊಸದಾಗಿ ಒಂದೊಂದೇ ಹಾಕು ಅಂತೀನಿ. ಬಗ್ಗಲಿ ಇಪ್ಪತ್ತು ಸಲ. ಅದಕ್ಕೇನು, ಮಂಡಿ ಇದೆಯಾ?"

ಗುಣಾಕಾರ ತೆಗೆದು, ಪ್ರತಿ ಸಲವೂ ಹೊಸ ಸಾಲು ಹುಟ್ಟುವಂತೆ ಬರೆದ. ಕೀಲಿ ಒತ್ತಿದ. ಒಂದು ತುಂಡು ಇಳಿದು ಬಂದು ತಳದಲ್ಲಿ ಕೂತಿತು, ಅದೊಂದೇ ಕೆಂಪಾಯಿತು. ನರ್ಸಮ್ಮ ಎದ್ದು ಬಂದು ಅವನ ಬೆನ್ನು ತಟ್ಟಿದರು.

ಪರೀಕ್ಷೆಗೆ ಬಂದ ಅಧಿಕಾರಿಣಿ ಮಿತಭಾಷಿ. ಏಳು ಸಲ ಕೀಲಿ ಒತ್ತಿ ನೋಡಿದರು. ಏಳು ತುಂಡೂ ಅದರದರ ಜಾಗದಲ್ಲಿ ಕೂತವು. "ಸಾಲು ಸಾಲಾಗಿ ಯಾಕೆ ಕಟ್ಟಿದ್ದೀರಿ? ಒಂದೇ ಸಲ ಗುಣಿಸಬಹುದಿತ್ತಲ್ಲ?" ಅಂತ ಬೇಕೆಂದೇ ಕೆಣಕಿದರು. ಮಾವ ಕನ್ನಡಿಯ ಕತೆ ಹೇಳಿದ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಸಂಜೆಯೊಳಗೆ ಸರ್ಟಿಫಿಕೇಟ್ ಕೈಗೆ ಬಂತು.

ಬಸ್ ಸ್ಟಾಪಿನಲ್ಲಿ ಇಬ್ಬರೇ ಕೂತಿದ್ದೆವು. ಅವನು ಸರ್ಟಿಫಿಕೇಟನ್ನು ಮಡಚದಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅತ್ತೆಗೆ ಆಗಲೇ ಫೋನ್ ಮಾಡಿ ಆಗಿತ್ತು. ಅವಳು ಖುಷಿಗೆ ಅತ್ತದ್ದು ನನಗೂ ಕೇಳಿಸಿತ್ತು. ನನಗೆ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಇತ್ತು, ಹೇಳಿಬಿಟ್ಟೆ.

"ಅವತ್ತು ನಾನು ಹಾಗೆ ಅನ್ನಬಾರದಿತ್ತು ಮಾವ. ತಪ್ಪಾಯ್ತು. ಆದ್ರೂ ನೀನು ಹಟ ಬಿಡದೆ ಅಂಗಡಿಗೆ ಹೋಗಿ ಹುಡುಕಿದೆಯಲ್ಲ, ಮೆಚ್ಚಬೇಕು."

ಮಾವ ನನ್ನ ಕಡೆ ಆಶ್ಚರ್ಯದಿಂದ ನೋಡಿದ. "ಹುಡುಕೋಕಾ? ಅಯ್ಯೋ, ಇಲ್ಲ ಪುಟ್ಟಿ. ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಹೇಳೋಕೆ ಹೋಗಿದ್ದು. ಯಜಮಾನ ಊಟಕ್ಕೆ ಹೋಗಿದ್ದ. ಬರ್ತಾರೆ ಕೂತ್ಕೊಳ್ಳಿ ಅಂತ ಆ ಹುಡುಗಿ ಕನ್ನಡಿ ಹತ್ರ ಸ್ಟೂಲ್ ಹಾಕಿದ್ಲು. ಅವನೇನಾದ್ರೂ ಅಂಗಡೀಲೇ ಇದ್ದಿದ್ರೆ ಹೇಳಿ ಬಂದುಬಿಡ್ತಿದ್ದೆ. ಹೊಸ ಆಸ್ಪತ್ರೆ ಕಟ್ಟಡದ ನೆಲ ಬೇರೆ ಒಪ್ಕೊಂಡು ಆಗಿತ್ತು. ನಾಲ್ಕು ಅಂತಸ್ತು."

ನಾಲ್ಕು ಅಂತಸ್ತು, ಮಂಡಿಯ ಮೇಲೆ. "ನನಗೆ ಒಂದು ಮಾತು ಬೈದುಬಿಡಬಾರದಿತ್ತಾ ಮಾವ? ಅಲ್ಲೇ, ಎಲ್ಲರ ಮುಂದೆ?"

ಅವನು ದೂರದಲ್ಲಿ ಬರುತ್ತಿದ್ದ ಬಸ್ಸಿನ ನಂಬರ್ ಓದಲು ಕಣ್ಣು ಕಿರಿದು ಮಾಡಿದ. ನಮ್ಮದೇ. ಬೆಂಚು ಹಿಡಿದು ನಿಧಾನವಾಗಿ ಎದ್ದ.

"ಯಾಕೆ ಬೈಯಲಿ ಕಣೇ? ಕಲಿಸೋಳು ನೀನು. ನೀನು ಹೇಳಿದ್ದನ್ನ ನಾನು ನಂಬಿಬಿಟ್ಟಿದ್ದೆ."