ಬಲಕ್ಕೆ ಬಿದ್ದ ಕಾಜಾ

ಆಗೆಲ್ಲ, ಇಂಗ್ಲಿಷರ ನಾಡಿನಲ್ಲಿ, ಏರ್‌ಪೋರ್ಟ್ ಪಕ್ಕದ ಫೆಲ್ಥಮ್‌ನ ನಮ್ಮ ಮನೆಯ ಮೇಲೆ ವಿಮಾನ ಹಾಯುವಾಗ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ಸದ್ದು ಅಡಗಿದ ಮೇಲೆ ಮುಂದುವರಿಯುತ್ತಿತ್ತು. ಹಾಗೆ ಮಾಡುತ್ತಿದ್ದವಳು ಆಯಿ ಒಬ್ಬಳೇ ಇದ್ದಿರಲೂಬಹುದು. ತೊಂಬತ್ತರ ದಶಕದ ಆ ಚಳಿಗಾಲದ ಕೆಲವು ವಿವರಗಳನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ತಮ್ಮನಿಗೆಂದು ಹೊಲಿದ ಅಂಗಿ ಬಿಳಿಯದಿತ್ತೋ ತಿಳಿಹಳದಿಯದೋ, ಆಣೆ ಮಾಡಿ ಹೇಳಲಾರೆ. ನನಗೆ ಒಂಬತ್ತು ವರ್ಷ ಎಂಬುದು ಮಾತ್ರ ಖಂಡಿತ.

ಅಮ್ಮನ ಬಾಣಂತನಕ್ಕೆಂದು ಅಪ್ಪನ ತಾಯಿ, ನಮ್ಮ ಆಯಿ, ಧಾರವಾಡದಿಂದ ಬಂದಿದ್ದಳು. ಅವಳು ಬಂದು ವಾರವಾಗುವುದರೊಳಗೆ, ತಿಂಗಳು ತುಂಬದೆಯೇ ತಮ್ಮ ಹುಟ್ಟಿಬಿಟ್ಟ. ಅವನನ್ನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅಮ್ಮನೂ ಅಲ್ಲೇ. ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಏರ್‌ಪೋರ್ಟಿನಲ್ಲಿ ಕೆಲಸಕ್ಕಿದ್ದ ಅಪ್ಪ ಶಿಫ್ಟ್ ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದ.

"ಎಷ್ಟ ಅದಾನೋ ಕೂಸು?" ಎಂದು ಆಯಿ ಕೇಳಿದಾಗ ಅಪ್ಪ ಎರಡು ಅಂಗೈ ಜೋಡಿಸಿ ತೋರಿಸಿದ.

ಆಯಿ ಅಂಟಿನುಂಡಿ ಕಟ್ಟುತ್ತಲೇ ಇದ್ದಳು. ತುಪ್ಪದಲ್ಲಿ ಅಂಟು ಅರಳುವ ವಾಸನೆ ನನ್ನ ಶಾಲೆಯ ಕಾರ್ಡಿಗನ್‌ಗೂ ಹತ್ತಿತ್ತು. ತಿನ್ನಬೇಕಾದ ಬಾಣಂತಿ ಮನೆಯಲ್ಲಿರಲಿಲ್ಲ. ಡಬ್ಬಿ ತುಂಬಿದ ಮೇಲೆ ಅವಳು ತನ್ನ ಹಳೆಯ ಸೀರೆಯೊಂದನ್ನು ಕತ್ತರಿಸಿ ಎರಡು ಅಂಗೈ ಅಗಲದ ಅಂಗಿ ಹೊಲಿದಳು. ಕಣ್ಣಿಗೆ ಪೊರೆ ಬಂದಿತ್ತು. ಉದ್ದ ಹೊಲಿಗೆಯನ್ನು ಬೆರಳ ಅಂದಾಜಿನಲ್ಲೇ ಹಾಕಿದಳು. ಕಾಜಾ ಮಾತ್ರ ಆಗಲಿಲ್ಲ. ಗುಂಡಿ ತೂರುವ ಆ ಸೀಳಿನ ಅಂಚನ್ನು ಒತ್ತೊತ್ತಾಗಿ ಹೊಲಿಯದಿದ್ದರೆ ಬಟ್ಟೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

"ಬಾರವಾ ಇಲ್ಲೆ. ಏಳು ವರ್ಷದಾಕಿ ಇದ್ದಾಗ ನಾ ಬ್ರಿಟಿಷರ ಪೊಲೀಸರ ಕೋಟಿಗೆ ಕಾಜಾ ಹಾಕತಿದ್ದೆ. ನಿನಗೇನ ಧಾಡಿ?"

"ಐ ಕಾಂಟ್, ಆಯಿ."

"ಏನಂತಿ?"

"ಬರೂದಿಲ್ಲ."

"ನನಗೂ ಬರತಿದ್ದಿಲ್ಲ. ನಮ್ಮಪ್ಪ ಗಜದ ಕಟ್ಟಿಗೀಲೆ ಬಡದು ಕಲಿಸಿದ."

ಅವಳ ಅಪ್ಪ ಸಿಂಪಿಗ. ಗಂಡುಮಕ್ಕಳು ಹೊರಗೆ ಮಷಿನ್ ಮುಂದೆ, ಹೆಣ್ಣುಮಕ್ಕಳು ಒಳಗೆ ಕಾಜಾ ಗುಂಡಿಗೆ. ಅವಳ ಸ್ವಂತ ಅಂಗಿಗೆ ಗುಂಡಿಯೇ ಇರಲಿಲ್ಲವಂತೆ, ಲಾಡಿ. ಇದನ್ನು ಅವಳು ನಗುತ್ತಲೇ ಹೇಳಿದಳು. ಶಾಲೆಗೆ ಯಾಕೆ ಕಳಿಸಲಿಲ್ಲ ಎಂದು ನಾನು ಕೇಳಲಿಲ್ಲ.

ಶಾಲೆಗೆ ರಜೆ. ಎರಡು ದಿನ ಚಿಂದಿಯ ಮೇಲೆ ಕಲಿತೆ. ದಾರಕ್ಕೆ ಸವರಲು ಮೇಣ ಸಿಗದೆ ಹುಟ್ಟುಹಬ್ಬದ ಮೇಣದಬತ್ತಿ ಕೊಟ್ಟೆ. ಮೂರನೆಯ ದಿನ ಆಯಿ ಅಂಗಿಯನ್ನೇ ಕೈಗಿತ್ತಳು. ನಾನು ನನ್ನ ಸ್ಕೂಲ್ ಬ್ಲೌಸ್ ನೋಡಿಕೊಂಡು, ಅದರಲ್ಲಿದ್ದಂತೆಯೇ ಬಲಗಡೆ ಸೀಳು ಕತ್ತರಿಸಿದೆ.

ಅಂಗಿ ತಡವುತ್ತಿದ್ದ ಆಯಿಯ ಬೆರಳು ಆ ಸೀಳಿನ ಮೇಲೆ ನಿಂತಿತು. "ಬಲಕ್ಕ ಯಾಕ ಕತ್ತರಿಸಿದಿ? ಗಂಡಸರ ಕಾಜಾ ಎಡಕ್ಕ, ಹೆಂಗಸರದು ಬಲಕ್ಕ. ಕೋಟಿಗೆ ಹಿಂಗ ಮಾಡಿದ್ರ ನಮ್ಮಪ್ಪ ಅವತ್ತ ಉಣ್ಣಾಕ ಹಾಕತಿದ್ದಿಲ್ಲ."

ಅಳತೊಡಗಿದೆ. ಆಯಿ ವಿಮಾನವೊಂದು ದಾಟಿದ ಮೇಲೆ ನಕ್ಕಳು. "ಇರಲಿ ಬಿಡ. ಛಲೋನ ಆತು. ಯಮ ಬಂದ್ರ ಕಾಜಾ ನೋಡಿ ಹುಡುಗಿ ಅಂತ ತಿಳೀತಾನ. ಮನಿ ತಪ್ಪೈತಿ ಅಂತ ತಿರುಗಿ ಹೋಗ್ತಾನ." ಊರಲ್ಲಿ, ಉಳಿಯಲೆಂದು ಗಂಡುಕೂಸಿಗೆ ಮೂಗು ಚುಚ್ಚಿ ಹೆಣ್ಣಿನ ಹೆಸರಿಡುವುದನ್ನು ಹೇಳಿದಳು. ನಾನು ನಂಬಿದೆ. ಅಷ್ಟು ಗಟ್ಟಿಯಾಗಿ ಮತ್ತೇನನ್ನೂ ನಂಬಿದ್ದಿಲ್ಲ. ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಆ ಸೀಳಿನ ಸುತ್ತ ಯಮನಿಗೆ ಸುಳ್ಳು ಹೇಳುತ್ತ ಹೊಲಿದೆ.

ಅಪ್ಪ ಅಂಗಿಯನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಹೋದ. ಸಂಜೆ ಬಾಗಿಲಲ್ಲೇ ಆಯಿ ಹಿಡಿದಳು: "ತೊಡಿಸಿದ್ರೇನೋ?"

"ಹ್ಞೂಂ ಅವ್ವ. ಸರಿಯಾಗಿ ಕೂತೈತಿ." ಹಾಗೆಂದವನು ನಮಗೆ ಬೆನ್ನು ಹಾಕಿ ನಲ್ಲಿಯಡಿ ಡಬ್ಬಿ ತೊಳೆದ. ನನ್ನ ನೆನಪಿನಲ್ಲಿ ಬಹಳ ಹೊತ್ತು ತೊಳೆಯುತ್ತಾನೆ.

ಮತ್ತೆರಡು ದಿನಕ್ಕೆ ತಮ್ಮ ಹೋದ. ಮೆಟ್ಟಿಲ ಮೇಲೆ ಕೂತಿದ್ದ ಆಯಿಯ ಪಕ್ಕ ಕೂತು ಕೇಳಿದೆ: "ಈಸ್ ಇಟ್ ಬಿಕಾಸ್ ಆಫ್ ಮೈ ಕಾಜಾ?"

ಇಂಗ್ಲಿಷ್ ಬಾರದ ಆಯಿಗೆ ಅರ್ಥವಾದದ್ದು ಕೊನೆಯ ಪದವೊಂದೇ. "ಹೂಂ ನನ್ನವ್ವ, ನಿನ್ನ ಕಾಜಾ," ಎಂದು ತಲೆಯಾಡಿಸಿ ನನ್ನನ್ನು ತಬ್ಬಿಕೊಂಡಳು.

ಆ 'ಹೂಂ' ಹೊತ್ತುಕೊಂಡೇ ಬೆಳೆದೆ. ಅದು ಮುದ್ದಿನ ಮಾತು ಎಂದು ತಿಳಿಯಲು ಎಷ್ಟೋ ವರ್ಷ ಹಿಡಿಯಿತು. ಆ ಪ್ರಶ್ನೆಯನ್ನು ಅವಳ ಭಾಷೆಯಲ್ಲಿ ಕೇಳುವಷ್ಟು ಕನ್ನಡ ನನಗೆ ಬಂದಾಗ ಆಯಿ ಇರಲಿಲ್ಲ. ಅವಳ ಕೈಯ ವಿದ್ಯೆಯೂ ನನ್ನಲ್ಲಿ ಉಳಿದಿಲ್ಲ. ಈಗ ಕಾಜಾ ಹಾಕಲು ಕೂತರೆ ಬಟ್ಟೆ ಬಿಚ್ಚಿಕೊಳ್ಳುತ್ತದೆ. ಅಷ್ಟು ಚಿಕ್ಕ ಕೂಸಿಗೆ, ಮೈತುಂಬ ನಳಿಕೆಗಳಿರುವಾಗ, ಅಂಗಿ ತೊಡಿಸುವುದು ಕಷ್ಟವೆಂದು ದೊಡ್ಡವಳಾದ ಮೇಲೆ ಓದಿದೆ. ತೊಡಿಸಿದ್ದರೋ ಇಲ್ಲವೋ ಎಂದು ಅಮ್ಮನನ್ನು ಕೇಳುವ ಧೈರ್ಯ ಇಂದಿಗೂ ಇಲ್ಲ.

ಕಳೆದ ವರ್ಷ ಅಪ್ಪ ಒಬ್ಬನೇ ಇದ್ದಾಗ ಕೇಳಿದೆ, ಕನ್ನಡದಲ್ಲೇ. ಕೇಳಿದ್ದಕ್ಕೆ ಅವನು ಎದ್ದು, ತೊಳೆದಿಟ್ಟಿದ್ದ ಲೋಟವನ್ನೇ ನಲ್ಲಿಯಡಿ ಮತ್ತೆ ತೊಳೆಯತೊಡಗಿದ.

"ಅಪ್ಪಾ, ಆ ಅಂಗಿ ಖರೇನ ತೊಡಿಸಿದ್ರೇನು? ಇಲ್ಲಾ ನೀ ಆಯಿ ಸಮಾಧಾನಕ್ಕ ಹಂಗ ಅಂದಿದ್ದೇನು?"