ಅಕ್ಕನ ಮನೆಯ ಅನ್ನ

ಅಳದಂಗಡಿ ಕಡೆಯ ಹುಕ್ರಪ್ಪನಿಗೆ ದೊಡ್ಡವರ ಎದುರು ಕುರ್ಚಿಯಲ್ಲಿ ಕೂತು ಮಾತಾಡುವ ಸಂದರ್ಭ ಜೀವಮಾನದಲ್ಲಿ ಒಂದೇ ಒಂದು ಸಲ ಬಂತು. ಆ ದಿನ ಅವನು ಊರಿನ ಮರ್ಯಾದೆಗೆ ತಕ್ಕ ಮಾತನ್ನೇ ಆಡಿದ. ಆಡದಿದ್ದರೆ ಚೆನ್ನಾಗಿತ್ತು ಎಂದು ಈಗ ದಿನಾ ಅಂದುಕೊಳ್ಳುತ್ತಾನೆ.

ನಲವತ್ತಾರರ ಹುಕ್ರಪ್ಪ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವನು. ಮದುವೆ ಆಗಿಲ್ಲ. ಭಾವ ತೀರಿಹೋದ ಮೇಲೆ ಅಕ್ಕ ಪ್ರೇಮಾವತಿಯ ಮನೆಗೇ ಬಂದು ಉಳಿದ. ಅಕ್ಕ ಬೀಡಿ ಕಟ್ಟುತ್ತಾಳೆ. ಅವಳ ಒಬ್ಬನೇ ಮಗ ಮನ್ವಿತ್. ಸೋದರಳಿಯನಿಗೇ ಹಕ್ಕು ಹೋಗುವ ಈ ಕಡೆಯ ಅಳಿಯಕಟ್ಟಿನ ಮನೆಗಳಲ್ಲಿ ಅಕ್ಕನ ಮಗನೆಂದರೆ ಸ್ವಂತ ಮಗನಿಗಿಂತ ಒಂದು ಕೈ ಹೆಚ್ಚು. ಹುಕ್ರಪ್ಪನ ಸಂಬಳವೆಲ್ಲ ಅಕ್ಕನ ಅಡುಗೆಮನೆಯ ಡಬ್ಬಿಗೆ ಹೋಗುತ್ತಿತ್ತು, ಮನೆ ನಡೆಯುತ್ತಿದ್ದದ್ದು ಬಹುಪಾಲು ಅದರಿಂದಲೇ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅಕ್ಕನನ್ನು ತಾನು ಸಾಕುತ್ತಿದ್ದೇನೆ ಎಂದು ಹೇಳಿಕೊಂಡು ತಿರುಗುವ ಗಂಡಸಿಗೆ ಊರಿನಲ್ಲಿ ಮರ್ಯಾದೆ ಸಿಗುವುದಿಲ್ಲ. ಯಾರಾದರೂ ಕೇಳಿದರೆ, ಅಕ್ಕನ ಮನೆಯಲ್ಲಿ ಉಂಡುಕೊಂಡಿದ್ದೇನೆ ಎನ್ನಬೇಕು. ಕೇಳಿದವನಿಗೆ ಉಳಿದದ್ದು ಗೊತ್ತಾಗುತ್ತದೆ.

ಮನ್ವಿತ್ ಮೂಡಬಿದಿರೆಯ ಒಂದು ಗ್ಯಾರೇಜಿನಲ್ಲಿ ಬೈಕ್ ರಿಪೇರಿ ಮಾಡುತ್ತಿದ್ದ. ಇಪ್ಪತ್ತಮೂರನೇ ವಯಸ್ಸಿಗೆ ಮುಖ, ಕಾಲು ಊದಿಕೊಂಡವು. ಗ್ಯಾಸ್ ಟ್ರಬಲ್ ಎಂದು ಮೂರು ತಿಂಗಳು ಮೆಡಿಕಲಿನ ಮಾತ್ರೆ ನುಂಗಿದ ಮೇಲೆ ಎರಡು ಕಿಡ್ನಿಯೂ ಹೋಗಿದೆ ಎಂದು ತಿಳಿಯಿತು. ಬೆಳ್ತಂಗಡಿಯಲ್ಲಿ ಡಯಾಲಿಸಿಸ್ ಮೆಷಿನ್ ಖಾಲಿ ಇರಲಿಲ್ಲ. ಜಾಗ ಸಿಕ್ಕಿದ್ದು ಬಂಟ್ವಾಳದಲ್ಲಿ. ವಾರಕ್ಕೆರಡು ದಿನ ಮಾವ-ಅಳಿಯ ಎರಡು ಬಸ್ಸು ಬದಲಿಸಿ ಬಂಟ್ವಾಳದ ಬಿ.ಸಿ.ರೋಡಿಗೆ ಹೋಗಿಬರುತ್ತಿದ್ದರು. ಹೋಗುವಾಗ ಮನ್ವಿತ್ ಏನಾದರೂ ಮಾತಾಡುತ್ತಿದ್ದ, ಬರುವಾಗ ಮಾವನ ಹೆಗಲಿಗೆ ತಲೆ ಕೊಟ್ಟು ಮಲಗುತ್ತಿದ್ದ.

ಬೇರೆ ಕಿಡ್ನಿ ಹಾಕಿದರೆ ಹುಡುಗ ಬದುಕುತ್ತಾನೆ ಎಂದರು ಮಂಗಳೂರಿನ ಡಾಕ್ಟರು. ಆಪರೇಷನ್ನಿನ ಖರ್ಚು ಸರಕಾರದ ಯೋಜನೆಯಲ್ಲಿ ಹೋಗುತ್ತಿತ್ತು. ಸತ್ತವರ ಕಿಡ್ನಿಗೆ ಹೆಸರು ಬರೆಸಿದರೆ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ತಾಯಿಗೆ ಸಕ್ಕರೆ ಕಾಯಿಲೆ, ಅವಳದ್ದು ಆಗದು. ಹುಕ್ರಪ್ಪನದ್ದು ಸರಿಹೊಂದಿತು. ಅವನ ಸಂತೋಷ ನೋಡಬೇಕಿತ್ತು, ಲಾಟರಿ ಹೊಡೆದವನ ಹಾಗೆ ಊರೆಲ್ಲ ಹೇಳಿಕೊಂಡು ಬಂದ. ಆದರೆ ಕಾನೂನಿನ ಪ್ರಕಾರ ಸೋದರಮಾವ ಹತ್ತಿರದ ಸಂಬಂಧಿಯಲ್ಲವಂತೆ. ಅಪ್ಪ, ಅಮ್ಮ, ಗಂಡ, ಹೆಂಡತಿ, ಒಡಹುಟ್ಟಿದವರು, ಮಕ್ಕಳು, ಅಜ್ಜ, ಅಜ್ಜಿ, ಮೊಮ್ಮಕ್ಕಳು, ಅಲ್ಲಿಗೆ ಪಟ್ಟಿ ಮುಗಿಯಿತು. ಉಳಿದವರು ಅಂಗದಾನಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಎದುರು ಕೂತು, ದುಡ್ಡಿನ ಆಸೆಗೆ ಕೊಡುತ್ತಿಲ್ಲ ಎಂದು ತೋರಿಸಿಕೊಡಬೇಕು. ಹುಕ್ರಪ್ಪನಿಗೆ ನಗು ಬಂತು. ಮಾವನೇ ಹತ್ತಿರದವನಲ್ಲದಿದ್ದರೆ ಇನ್ಯಾರು ಎಂದು ಅವನ ವಾದ.

ಸಮಿತಿಯ ದಿನ ಇವರಿಗಿಂತ ಮುಂಚೆ ಕಾರಿನಲ್ಲಿ ಬಂದ ಒಂದು ಮನೆಯ ಮಂದಿ ಒಳಗೆ ಹೋದರು. ಅವರ ಜೊತೆ ವಕೀಲರಿದ್ದರು. ಏನು ಕೇಳುತ್ತಾರೆ, ಏನು ಹೇಳಬೇಕು ಎಂದು ಎರಡು ದಿನ ಉರು ಹೊಡೆಸಿಕೊಂಡು ಬಂದಿದ್ದರು. ಕಾಲು ಗಂಟೆಯಲ್ಲಿ ನಗುತ್ತಾ ಹೊರಗೆ ಬಂದರು. ಹುಕ್ರಪ್ಪನಿಗೆ ಹೇಳಿಕೊಡಲು ಯಾರಿದ್ದರು? ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದಿದ್ದಳು ಡಯಾಲಿಸಿಸ್ಸಿನ ನರ್ಸು, ಅಷ್ಟೇ.

ಒಳಗೆ ವಿಡಿಯೋ ಕ್ಯಾಮರಾ ಇಟ್ಟಿದ್ದರು. ಜಮೀನು ಉಂಟಾ ಎಂದು ಕೇಳಿದರು, ಇಲ್ಲ ಎಂದ. ಮನೆ ಯಾರ ಹೆಸರಲ್ಲಿ ಎಂದರೆ, ಅಕ್ಕನದ್ದು ಎಂದ. ನಿಮ್ಮ ಖರ್ಚು ಯಾರು ನೋಡಿಕೊಳ್ಳುತ್ತಾರೆ ಎಂದು ಕನ್ನಡಕದ ಅಧಿಕಾರಿ ಕೇಳಿದಾಗ, ಹುಕ್ರಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಶಾಲೆಯ ಕನ್ನಡದಲ್ಲಿ ನಿಧಾನವಾಗಿ ಹೇಳಿದ.

"ಎಲ್ಲ ಅಕ್ಕನೇ ನೋಡಿಕೊಳ್ಳುವುದು. ನಾನು ಉಣ್ಣುವುದು ಅವರ ಅನ್ನ. ಅವರ ಮಗನಿಗೆ ಇಷ್ಟಾದರೂ ಕೊಡದಿದ್ದರೆ ಹೇಗೆ?"

ಅಧಿಕಾರಿ ಏನೋ ಬರೆದುಕೊಂಡರು. ಒಳ್ಳೆಯ ಮಾತಾಡಿದೆ ಎಂಬ ಖುಷಿಯಲ್ಲಿ ಹುಕ್ರಪ್ಪ ಕೈಮುಗಿದು ಹೊರಗೆ ಬಂದ. ವಾರ ಕಳೆದು ಕಾಗದ ಬಂತು. ದಾನಿಯು ರೋಗಿಯ ಕುಟುಂಬದ ಮೇಲೆ ಆರ್ಥಿಕವಾಗಿ ಅವಲಂಬಿತನಾಗಿದ್ದು, ಒತ್ತಡದ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಆದ್ದರಿಂದ ಅನುಮತಿ ಇಲ್ಲ ಎಂದು ಬರೆದಿತ್ತು. ಬಡವರ ಕಿಡ್ನಿ ಕೊಂಡು ಮಾರುವ ಕಳ್ಳರಿದ್ದಾರೆ, ಅದಕ್ಕಾಗಿಯೇ ಈ ಕಾನೂನು, ಕಾನೂನು ಬೇಡ ಎನ್ನಲಾಗದು. ಆದರೂ ಸಿಟ್ಟು ಬರುತ್ತದೆ. ಇವನ ಕೂಲಿಯಲ್ಲಿ ನಡೆಯುವ ಮನೆ ಇವನನ್ನೇ ಕೊಂಡುಕೊಂಡಿದೆ ಎಂದು ತೀರ್ಮಾನಿಸಿದ್ದರು.

ಕಾಗದ ಓದಿ ಹೇಳಿದ್ದು ಮನ್ವಿತ್, ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ.

"ತಮ್ಮಲೆ, ಮನೆ ನಡೆಸುವುದು ನೀವು ಅಂತ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ. ತುಳುವಿನಲ್ಲಿ ಸೋದರಮಾವನನ್ನು ಹಾಗೆ ಕರೆಯುತ್ತಾರೆ.

"ಅದನ್ನೆಲ್ಲ ಹೊರಗಿನವರ ಹತ್ತಿರ ಹೇಳ್ಲಿಕ್ಕೆ ಆಗ್ತದಾ ಮಾರಾಯ? ಅಕ್ಕನ ಮರ್ಯಾದೆ ಎಂತ ಆಗುವುದು?"

ಬಸ್ಸಿನಲ್ಲಿ ಆ ದಿನ ಹುಡುಗ ಮಾವನ ಹೆಗಲಿಗೆ ತಲೆ ಕೊಡಲಿಲ್ಲ.

ಇನ್ನೊಮ್ಮೆ ಅರ್ಜಿ ಹಾಕಿದರು. ವಂಶವೃಕ್ಷ, ಆದಾಯ ಪತ್ರ, ಪೊಲೀಸರ ವರದಿ ಎಂದು ಐದು ತಿಂಗಳು ಹೋಯಿತು. ತೋಟದ ಯಜಮಾನರು ಸಂಬಳದ ಚೀಟಿ ಬರೆದುಕೊಡಲು ಒಪ್ಪಿದರು. ಎರಡನೆಯ ಸಲ ಕರೆದ ತಾರೀಖಿಗೆ ಹನ್ನೊಂದು ದಿನ ಇರುವಾಗ ಮನ್ವಿತ್‌ಗೆ ಚಳಿಜ್ವರ ಬಂತು. ರಕ್ತಕ್ಕೆ ನಂಜೇರಿತ್ತು. ಮೂರನೇ ದಿನ ತೀರಿಕೊಂಡ. ಪ್ರೇಮಾವತಿ ತಮ್ಮನಿಗೆ ಒಂದು ಮಾತು ಅಂದವಳಲ್ಲ. ಈಗಲೂ ಮೊದಲು ಅವನಿಗೇ ಬಡಿಸುತ್ತಾಳೆ. ಆ ತಟ್ಟೆಯ ಮುಂದೆ ಕೂರುವುದೇ ಅವನಿಗೆ ದೊಡ್ಡ ಶಿಕ್ಷೆ.

ತಿಂಗಳು ಕಳೆದ ಮೇಲೆ ನರಿಕೊಂಬಿನಿಂದ ಮಾಜಿದಾ ಎಂಬ ಹೆಂಗಸು ಮಾತಾಡಿಸಲು ಬಂದಳು. ಅವಳ ಅಣ್ಣನ ಮಗಳು ಆಫ್ರಾಗೂ ಮನ್ವಿತ್‌ನ ದಿನವೇ ಡಯಾಲಿಸಿಸ್ ಇರುತ್ತಿತ್ತು. ಗಂಡ ಸತ್ತ ಮೇಲೆ ಮಾಜಿದಾ ಬಟ್ಟೆ ಹೊಲಿದುಕೊಂಡು ಅಣ್ಣನ ಮನೆಯಲ್ಲೇ ಇದ್ದಾಳೆ. ಆಫ್ರಾಗೆ ತನ್ನ ಕಿಡ್ನಿ ಕೊಡುವುದೆಂದು ಗಟ್ಟಿ ಮಾಡಿದ್ದಾಳೆ, ಸೋದರತ್ತೆಯೂ ಆ ಪಟ್ಟಿಯಲ್ಲಿಲ್ಲ, ಮುಂದಿನ ವಾರ ಸಮಿತಿ. ಒಳಗೆ ಎಂತ ಕೇಳುತ್ತಾರೆ ಎಂದು ತಿಳಿದುಕೊಳ್ಳಲು ಬಂದಿದ್ದಳು. ಹುಕ್ರಪ್ಪ ಒಳಗಿದ್ದ ಅಕ್ಕನಿಗೆ ಕೇಳಿಸದ ಹಾಗೆ ದನಿ ಇಳಿಸಿದ.

"ಹೊಲಿಗೆಯ ದುಡ್ಡಿನಲ್ಲಿ ಅಣ್ಣನ ಮನೆಯನ್ನು ನಾನೇ ಸಾಕುವುದು ಅಂತ ಹೇಳಿ. ನಾಚಿಕೆ ಮಾಡಬೇಡಿ. ಅಣ್ಣ ಅನ್ನ ಹಾಕ್ತಾನೆ ಅಂತ ಮಾತ್ರ ಬಾಯಿ ತಪ್ಪಿಯೂ ಹೇಳಬೇಡಿ ಅಕ್ಕ."